ಹಿಮ್ಮಡಿಯ ಉಬ್ಬು, ನಮ್ಮ ಸೈಕಲ್ಲು



ನಮ್ಮದು ಮಂಡ್ಯ ಕಡೆಯ ಒಂದು ಹಳ್ಳಿ. ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರನ್ನು ನಾವೆಲ್ಲ ‘ಡೈರಿ ಅಕ್ಕ’ ಎಂದು ಕರೆಯುತ್ತೇವೆ. ಅವರ ಮನೆ ಊರಿನಿಂದ ಮೂರು ಕಿಲೋಮೀಟರ್ ದೂರದ ತೋಟದಲ್ಲಿದೆ. ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ ಹಾಲು ಕರೆದು ಊರಿನ ಡೈರಿಗೆ ಹಾಕಬೇಕು. ಸಂಜೆ ಮತ್ತೆ ಹಾಲು ಹಾಕಿ, ಹಾಗೇ ನಮ್ಮ ಕೇಂದ್ರಕ್ಕೆ ಬರುತ್ತಾರೆ.

ಮೊದಲು ಅವರು ಕ್ಯಾನು ಹೊತ್ತು ನಡೆದು ಬರುತ್ತಿದ್ದರು. ಅವರ ಮಗಳಿಗೆ 8ನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತ್ತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಈ ಯೋಜನೆ ಶುರುವಾಯಿತು. ಆಮೇಲೆ ಹಲವು ವರ್ಷ ಸರ್ಕಾರಿ ಶಾಲೆಯ ಮಕ್ಕಳಿಗೆ ಸೈಕಲ್ ಕೊಟ್ಟರು. ಮಗಳು ಕಾಲೇಜು ಓದಲು ಹಾಸ್ಟೆಲಿಗೆ ಹೋದಳು. ಸೈಕಲ್ ಗೋಡೆಗೆ ಒರಗಿ ನಿಂತಿತು.

ಒಂದು ದಿನ ಡೈರಿ ಅಕ್ಕ ಕೇಳಿದರು, “ಟೀಚರಮ್ಮ, ಈ ವಯಸ್ಸಲ್ಲಿ ನಾನು ಸೈಕಲ್ ಕಲೀಬೋದಾ?”

“ಅಕ್ಷರ ಕಲಿತಿಲ್ವಾ? ಇದನ್ನೂ ಕಲೀರಿ” ಅಂದೆ.

ಶಾಲೆಯ ಮೈದಾನದಲ್ಲಿ ಕಲಿತರು. ಎರಡು ಸಲ ಬಿದ್ದರು. ಮಂಡಿ ತರಚಿತು. ಬಿಡಲಿಲ್ಲ. ಒಂದು ತಿಂಗಳಲ್ಲಿ ಹಾಲಿನ ಕ್ಯಾನು ಕ್ಯಾರಿಯರಿಗೆ ಕಟ್ಟಿಕೊಂಡು ಡೈರಿಗೆ ಬಂದರು. ಅವತ್ತು ನಮ್ಮ ಕೇಂದ್ರದಲ್ಲಿ ಎಲ್ಲರಿಗೂ ಸಂತೋಷ.

ಸೈಕಲ್ಲಿಗೂ ಅಕ್ಷರಕ್ಕೂ ಹಳೆಯ ನಂಟಿದೆ. ಪಕ್ಕದ ತಮಿಳುನಾಡಿನಲ್ಲಿ ಪುದುಕೋಟೆ ಎಂಬ ಜಿಲ್ಲೆ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಚಳವಳಿ ನಡೆಯಿತು. ಆ ಚಳವಳಿಯಲ್ಲಿ ಹೆಂಗಸರಿಗೆ ಓದು ಬರಹದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಹೆಂಗಸರು ಕಲಿತರು. ಸಂತೆಗೆ, ಕೆಲಸಕ್ಕೆ, ನೀರಿಗೆ ತಾವೇ ಸೈಕಲ್ಲಿನಲ್ಲಿ ಹೋದರು. ಬೇರೆಯವರನ್ನು ಕಾಯುವುದು ತಪ್ಪಿತು.

ಅಕ್ಕ ಬರಲಿಲ್ಲ

ಮಳೆಗಾಲ ಬಂತು. ಕೆಸರಿಗೆ ಚಪ್ಪಲಿ ಜಾರುತ್ತದೆ ಎಂದು ಡೈರಿ ಅಕ್ಕ ಸಂತೆಯಲ್ಲಿ ಪ್ಲಾಸ್ಟಿಕ್ ಕಟ್ ಶೂ ಕೊಂಡರು. ಎರಡು ತಿಂಗಳಲ್ಲಿ ಬಲಗಾಲಿನ ಹಿಮ್ಮಡಿ ಹಿಂದೆ ನೋವು ಶುರುವಾಯಿತು. ಅಲ್ಲಿ ಒಂದು ಗಟ್ಟಿ ಉಬ್ಬು ಇತ್ತು. ಅದು ಕೆಂಪಗಾಯಿತು. ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವುದೇ ಕಷ್ಟವಾಯಿತು.

ನನಗೆ ತೋರಿಸಿದರು. ನಾನು, “ಇದು ಆಣಿ ಇರಬೇಕು. ಮೆಡಿಕಲ್ ಶಾಪಿನಲ್ಲಿ ಆಣಿ ಪಟ್ಟಿ ಸಿಗುತ್ತೆ, ಹಾಕಿ” ಅಂದೆ. ಹಾಕಿದರು. ಚರ್ಮ ಸುಲಿದು ಗಾಯವಾಯಿತು. ತಪ್ಪು ನನ್ನದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಬಾರದು. ಇದನ್ನು ನಾನು ಅವತ್ತು ಕಲಿತೆ.

ಮನೆಯಲ್ಲಿ ಅತ್ತೆ ಬಯ್ದರು. “ಹೆಂಗಸ್ರು ಸೈಕಲ್ ತುಳುದ್ರೆ ಇನ್ನೇನಾದದು? ಮೂಳೆ ಬೆಳ್ಕತ್ತದೆ. ಆ ಸೈಕಲ್ಲ ಗುಜರಿಗೆ ಹಾಕು.”

ಅಕ್ಕ ಸೈಕಲ್ ಬಿಟ್ಟರು. ಕುಂಟುತ್ತಾ ನಡೆದು ಡೈರಿಗೆ ಬಂದರು. ಎರಡು ದಿನ ಹೊತ್ತು ಮೀರಿತು. ಹಾಲು ಅಳೆಯುವುದು ಮುಗಿದಿತ್ತು. ಕ್ಯಾನು ಹೊತ್ತು ಹಾಗೇ ಮನೆಗೆ ಹೋದರು. ಸಂಜೆ ಕೇಂದ್ರಕ್ಕೂ ಬರಲಿಲ್ಲ. ನಾಲ್ಕು ದಿನ ಅವರ ಸ್ಲೇಟು ಖಾಲಿ ಇತ್ತು.

ಐದನೇ ದಿನ ನಾನು ಅವರ ಮನೆಗೆ ಹೋದೆ. ಅವರನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ. ಅತ್ತೆಯೂ ಜೊತೆಗೆ ಬಂದರು. ಅಲ್ಲಿ ಮೂಳೆ ಡಾಕ್ಟರು ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ. ಬನ್ನಿ, ತಿಳಿಯೋಣ.

ಈ ಉಬ್ಬು ಏನು?

ನಿಮ್ಮ ಹಿಮ್ಮಡಿಯನ್ನು ಒಮ್ಮೆ ಮುಟ್ಟಿ ನೋಡಿ. ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಹಿಮ್ಮಡಿ ಮೂಳೆಯೇ ದೊಡ್ಡದು.

ಈಗ ಹಿಮ್ಮಡಿಯ ಹಿಂಭಾಗದಿಂದ ಕೈಯನ್ನು ಮೇಲಕ್ಕೆ ತನ್ನಿ. ಒಂದು ದಪ್ಪ ಹುರಿ ಕೈಗೆ ಸಿಗುತ್ತದೆ. ಜನ ಇದನ್ನು ‘ಹಿಮ್ಮಡಿ ನರ’ ಅನ್ನುತ್ತಾರೆ. ಇದು ನರ ಅಲ್ಲ. ಕಾಲಿನ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಹುರಿ. ನಮ್ಮ ಮೈಯಲ್ಲಿರುವ ಇಂಥ ಹುರಿಗಳಲ್ಲಿ ಇದೇ ಅತಿ ದಪ್ಪ, ಅತಿ ಗಟ್ಟಿ. ನಾವು ನಡೆಯುವಾಗ, ಓಡುವಾಗ, ಮೆಟ್ಟಿಲು ಹತ್ತುವಾಗ, ಪೆಡಲ್ ತುಳಿಯುವಾಗ ಈ ಹುರಿ ಹಿಮ್ಮಡಿಯನ್ನು ಎಳೆಯುತ್ತದೆ.

ಡಾಕ್ಟರುಗಳು ಇದನ್ನು ‘ಅಕಿಲಿಸ್ ಹುರಿ’ ಎನ್ನುತ್ತಾರೆ. ಅಕಿಲಿಸ್ ಗ್ರೀಕ್ ದೇಶದ ಕಥೆಯ ಒಬ್ಬ ವೀರ. ಮಗುವಾಗಿದ್ದಾಗ ಅವನ ತಾಯಿ ಅವನ ಹಿಮ್ಮಡಿ ಹಿಡಿದು ನದಿಯಲ್ಲಿ ಮುಳುಗಿಸಿದಳಂತೆ. ಮೈಯೆಲ್ಲ ಗಟ್ಟಿಯಾಯಿತು. ಹಿಡಿದಿದ್ದ ಹಿಮ್ಮಡಿ ಮಾತ್ರ ನೆನೆಯಲಿಲ್ಲ. ಕೊನೆಗೆ ಅಲ್ಲಿಗೇ ಬಾಣ ತಗುಲಿ ಸತ್ತ. ನಮ್ಮಲ್ಲೂ ಕೃಷ್ಣನ ಪಾದಕ್ಕೆ ಬೇಡನ ಬಾಣ ತಗುಲಿದ ಕಥೆ ಇದೆಯಲ್ಲ, ಹಾಗೆ.

ಈ ಹುರಿ ಮೂಳೆಗೆ ಸೇರುವ ಜಾಗದ ಸ್ವಲ್ಪ ಮೇಲೆ, ಹಿಮ್ಮಡಿ ಮೂಳೆಯ ಹಿಂದಿನ ಮೂಲೆ ಕೆಲವರಿಗೆ ಉಬ್ಬಿಕೊಂಡಿರುತ್ತದೆ. ಅದೇ ಈ ಉಬ್ಬು. ಹೆಚ್ಚಾಗಿ ಹೊರಮಗ್ಗುಲಿಗೆ ಇರುತ್ತದೆ. ಒಂದು ಕಾಲಿಗೂ ಇರಬಹುದು, ಎರಡು ಕಾಲಿಗೂ ಇರಬಹುದು.

ಸ್ವೀಡನ್ ದೇಶದ ಮೂಳೆ ಡಾಕ್ಟರ್ ಪ್ಯಾಟ್ರಿಕ್ ಹ್ಯಾಗ್ಲುಂಡ್ ಎಂಬುವರು 1920ರ ದಶಕದಲ್ಲಿ ಇದರ ಬಗ್ಗೆ ಬರೆದರು. ಅದಕ್ಕೇ ಇದಕ್ಕೆ ‘ಹ್ಯಾಗ್ಲುಂಡ್ ಉಬ್ಬು’ ಎಂಬ ಹೆಸರು ಬಂತು. ಇಂಗ್ಲಿಷಿನವರು ಆಡುಮಾತಿನಲ್ಲಿ ‘ಪಂಪ್ ಬಂಪ್’ ಅನ್ನುತ್ತಾರೆ. ಬಂಪ್ ಅಂದರೆ ಉಬ್ಬು. ಇಲ್ಲಿ ಪಂಪ್ ಅಂದರೆ ಸೈಕಲ್ಲಿಗೆ ಗಾಳಿ ಹಾಕುವ ಪಂಪ್ ಅಲ್ಲ! ಹೆಂಗಸರು ಹಾಕುವ ಒಂದು ಬಗೆಯ ಶೂಗೆ ಆ ಹೆಸರು. ಆ ಶೂವಿನ ಹಿಂಭಾಗ ಗಟ್ಟಿಯಾಗಿದ್ದು ಹಿಮ್ಮಡಿಗೆ ಉಜ್ಜುತ್ತದೆ.

ಇದು ಆಣಿಯೋ, ಉಬ್ಬೋ?

ಆಣಿ ಚರ್ಮದಲ್ಲಿ ಆಗುವುದು. ಚರ್ಮ ಒತ್ತಿ ಒತ್ತಿ ದಪ್ಪವಾಗಿ ಗಂಟು ಕಟ್ಟುತ್ತದೆ. ಬೆರಳಿನಿಂದ ಚರ್ಮ ಸರಿಸಿದರೆ ಆಣಿಯೂ ಜೊತೆಗೆ ಸರಿಯುತ್ತದೆ.

ಈ ಉಬ್ಬು ಮೂಳೆಯದು. ಚರ್ಮ ಸರಿಸಿದರೂ ಅದು ಸರಿಯುವುದಿಲ್ಲ. ಕಲ್ಲಿನ ಹಾಗೆ ಗಟ್ಟಿ ಇರುತ್ತದೆ.

ಆಣಿ ಪಟ್ಟಿಯಲ್ಲಿ ಚರ್ಮ ಸುಲಿಯುವ ಔಷಧಿ ಇರುತ್ತದೆ. ಅದನ್ನು ಮೂಳೆಯ ಉಬ್ಬಿಗೆ ಹಾಕಿದರೆ ಒಳ್ಳೆಯ ಚರ್ಮ ಸುಲಿಯುತ್ತದೆ. ಮೂಳೆಗೆ ಏನೂ ಆಗುವುದಿಲ್ಲ.

ಬ್ಲೇಡಿನಿಂದ ಕೊಯ್ಯಬೇಡಿ. ಬರೆ ಹಾಕಿಸಬೇಡಿ. ಸುಣ್ಣ, ಕೇರಿನ ಎಣ್ಣೆ ಹಚ್ಚಬೇಡಿ. ಸುಟ್ಟು ಗಾಯವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಹಿಮ್ಮಡಿಯ ಗಾಯ ಬೇಗ ಮಾಯುವುದಿಲ್ಲ. ಸಣ್ಣ ಗಾಯ ದೊಡ್ಡ ಹುಣ್ಣಾಗಬಹುದು. ಅವರಂತೂ ಬಹಳ ಹುಷಾರಾಗಿರಬೇಕು.

ಸೈಕಲ್ಲಿನಿಂದ ಉಬ್ಬು ಬಂತೇ?

ಅತ್ತೆ ಡಾಕ್ಟರನ್ನು ಕೇಳಿಯೇ ಬಿಟ್ಟರು. “ಸೈಕಲ್ ತುಳುದೇ ಅಲ್ವಾ ಸಾರ್, ಹಿಂಗಾಗಿದ್ದು?”

ಡಾಕ್ಟರು, “ಅಜ್ಜಿ, ನಿಮ್ಮ ಕಾಲು ತೋರಿಸಿ” ಅಂದರು. ಅತ್ತೆ ಕಾಲು ಮುಂದೆ ಚಾಚಿದರು. ನೋಡಿದರೆ ಅತ್ತೆಯ ಎರಡು ಹಿಮ್ಮಡಿಯ ಹಿಂದೆಯೂ ಉಬ್ಬು! ಸೊಸೆಯದಕ್ಕಿಂತ ದೊಡ್ಡದು.

“ನೀವು ಎಷ್ಟು ವರ್ಷ ಸೈಕಲ್ ತುಳಿದ್ರಿ?”

“ನಾನ್ಯಾಕೆ ತುಳೀಲಿ! ಮುಟ್ಟೇ ಇಲ್ಲ.”

“ನೋವಿದೆಯಾ?”

“ಇಲ್ಲ. ಇದು ಮೊದ್ಲಿಂದ್ಲೂ ಹಿಂಗೇ ಅದೆ.”

“ಕಾಲಿಗೆ ಏನು ಹಾಕ್ತೀರಿ?”

“ಬರಿಗಾಲು ಸಾರ್. ಎಲ್ಲಾದ್ರೂ ಹೋದ್ರೆ ಹವಾಯಿ ಚಪ್ಪಲಿ.”

ಡಾಕ್ಟರು ನಕ್ಕರು. ನಮಗೆಲ್ಲ ಅರ್ಥವಾಯಿತು. ಉಬ್ಬು ಇದ್ದವರಿಗೆಲ್ಲ ನೋವು ಬರುವುದಿಲ್ಲ. ಉಬ್ಬಿಗೆ ಏನಾದರೂ ಉಜ್ಜಿದರೆ, ಒತ್ತಿದರೆ ನೋವು ಬರುತ್ತದೆ.

ಹಲವರಿಗೆ ಹಿಮ್ಮಡಿ ಮೂಳೆಯ ಆಕಾರವೇ ಹಾಗಿರುತ್ತದೆ. ತಾಯಿಯಿಂದಲೋ ತಂದೆಯಿಂದಲೋ ಬಂದಿರಬಹುದು. ಪಾದದ ಗುಳಿ ತುಂಬ ಎತ್ತರ ಇರುವವರಿಗೆ, ಮೀನಖಂಡ ಬಿಗಿಯಾಗಿರುವವರಿಗೆ ತೊಂದರೆ ಹೆಚ್ಚು. ಅದರ ಮೇಲೆ ಗಟ್ಟಿ ಶೂ ಉಜ್ಜಿದರೆ ಬಾವು ಬರುತ್ತದೆ. ಸೈಕಲ್ ತುಳಿದ ಮಾತ್ರಕ್ಕೆ ಮೂಳೆ ಬೆಳೆಯುವುದಿಲ್ಲ.

ನೋವು ಹೇಗೆ ಬರುತ್ತದೆ?

ಬಾವಿ ಕಟ್ಟೆಯ ಕಲ್ಲನ್ನು ನೆನಪು ಮಾಡಿಕೊಳ್ಳಿ. ಹಗ್ಗ ಅದೇ ಕಲ್ಲಿಗೆ ದಿನಾ ಉಜ್ಜುತ್ತದೆ. ಕೊಡ ಭಾರವಿದ್ದಷ್ಟೂ ಹಗ್ಗ ಬಿಗಿಯಾಗಿ ಒತ್ತುತ್ತದೆ. ಕೊನೆಗೆ ಹಗ್ಗದ ಎಳೆ ಎದ್ದು ಬರುತ್ತದೆ.

ಇಲ್ಲಿ ಕಲ್ಲು ಅಂದರೆ ಮೂಳೆಯ ಉಬ್ಬು. ಹಗ್ಗ ಅಂದರೆ ಹಿಮ್ಮಡಿಯ ಹುರಿ. ಇವೆರಡರ ನಡುವೆ ಒಂದು ಪುಟ್ಟ ಚೀಲ ಇದೆ. ಅದರೊಳಗೆ ಜಾರುವ ನೀರು ಸ್ವಲ್ಪ ಇರುತ್ತದೆ. ಸೈಕಲ್ಲಿನ ಗುಂಡುಗಳಿಗೆ ಗ್ರೀಸ್ ಇದ್ದಂತೆ. ಉಜ್ಜಾಟ ಹೆಚ್ಚಾದರೆ ಈ ಚೀಲ ಊದಿಕೊಳ್ಳುತ್ತದೆ. ಆಗ ಹಿಮ್ಮಡಿ ಕೆಂಪಾಗುತ್ತದೆ. ಬಿಸಿಯಾಗುತ್ತದೆ. ಮುಟ್ಟಿದರೆ ನೋಯುತ್ತದೆ.

ಒಳಗಿನಿಂದ ಮೂಳೆ ಒತ್ತುತ್ತದೆ. ಹೊರಗಿನಿಂದ ಶೂ ಒತ್ತುತ್ತದೆ. ಹುರಿ ಮತ್ತು ಚೀಲ ನಡುವೆ ಸಿಕ್ಕಿಕೊಳ್ಳುತ್ತವೆ. ಪಾದದ ಮುಂಭಾಗ ಮೇಲೆದ್ದು ಹಿಮ್ಮಡಿ ಕೆಳಗಿಳಿದಾಗ ಹುರಿ ಇನ್ನೂ ಬಿಗಿಯಾಗುತ್ತದೆ. ಉಬ್ಬಿಗೆ ಇನ್ನೂ ಒತ್ತುತ್ತದೆ. ಈ ಮಾತನ್ನು ನೆನಪಿಡಿ. ಸೈಕಲ್ ಸೀಟಿನ ವಿಷಯಕ್ಕೆ ಇದು ಬೇಕು.

ಮೊದಲು ಕಾಲಿಗೆ ಹಾಕುವುದನ್ನು ಬದಲಿಸಿ

ಡಾಕ್ಟರು ಅಕ್ಕನ ಕಟ್ ಶೂವನ್ನು ಕೈಗೆ ತೆಗೆದುಕೊಂಡರು. ಅದರ ಹಿಂದಿನ ಅಂಚು ಸರಿಯಾಗಿ ಉಬ್ಬಿನ ಮೇಲೇ ಕೂರುತ್ತಿತ್ತು. “ಔಷಧಿಗಿಂತ ಮೊದಲು ಇದನ್ನು ಬಿಡಬೇಕು” ಅಂದರು.

ಹಾಗಾದರೆ ಏನು ಹಾಕಬೇಕು?

ಮನೆಯಲ್ಲಿ, ಅಂಗಳದಲ್ಲಿ ಹಿಂಭಾಗ ತೆರೆದ ಚಪ್ಪಲಿ ಸಾಕು. ಸೈಕಲ್ಲಿಗೆ ಹವಾಯಿ ಚಪ್ಪಲಿ ಅಷ್ಟು ಒಳ್ಳೆಯದಲ್ಲ. ಪೆಡಲ್ ಮೇಲೆ ಜಾರುತ್ತದೆ. ಜಾರಬಾರದೆಂದು ಬೆರಳುಗಳಿಂದ ಬಿಗಿ ಹಿಡಿಯುತ್ತೇವೆ. ಕಾಲು ಬೇಗ ಸೋಲುತ್ತದೆ.

ಮುಂದೆ ಅಗಲ ಪಟ್ಟಿ, ಹಿಂದೆ ಮೆತ್ತನೆಯ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಹಿಂದಿನ ಪಟ್ಟಿಯನ್ನು ಸಡಿಲ, ಬಿಗಿ ಮಾಡುವಂತಿರಬೇಕು. ಪಟ್ಟಿ ಉಬ್ಬಿನ ಮೇಲೆ ಕೂರಬಾರದು. ಉಬ್ಬಿನ ಮೇಲಕ್ಕೋ ಕೆಳಕ್ಕೋ ಬರಬೇಕು. ಕೊಳ್ಳುವಾಗ ಅಂಗಡಿಯಲ್ಲೇ ಹಾಕಿ ನಡೆದು ನೋಡಿ. “ಹಾಕ್ತಾ ಹಾಕ್ತಾ ಸರಿ ಹೋಗುತ್ತೆ” ಎಂಬ ಮಾತು ಕೇಳಬೇಡಿ.

ಶೂ ಹಾಕಲೇಬೇಕಾದ ಕೆಲಸ ಇದ್ದರೆ ಹಿಂಭಾಗ ಮೆತ್ತಗಿರುವ ಬಟ್ಟೆ ಶೂ ಹಾಕಿ. ಕಾಲುಚೀಲ ಹಾಕಿ.

ಇನ್ನೊಂದು ಸುಲಭ ಉಪಾಯ ಇದೆ. ಹಿಮ್ಮಡಿಯ ಕೆಳಗೆ ಒಂದು ಮೆತ್ತೆ ಇಡುವುದು. ಹಳೆಯ ಹವಾಯಿ ಚಪ್ಪಲಿಯ ರಬ್ಬರು ಸಾಕು. ಸುಮಾರು ಒಂದು ಸೆಂಟಿಮೀಟರ್ ದಪ್ಪ ಇರಲಿ. ಚಪ್ಪಲಿ ಹೊಲಿಯುವವರ ಹತ್ತಿರ ಹೇಳಿದರೆ ಅಳತೆಗೆ ಕತ್ತರಿಸಿ ಅಂಟಿಸಿ ಕೊಡುತ್ತಾರೆ. ಹಿಮ್ಮಡಿ ಸ್ವಲ್ಪ ಮೇಲೇಳುತ್ತದೆ. ಹುರಿಯ ಬಿಗಿ ಕಡಿಮೆಯಾಗುತ್ತದೆ. ಉಬ್ಬು ಶೂವಿನ ಅಂಚಿನಿಂದ ಪಾರಾಗುತ್ತದೆ. ಮೆತ್ತೆಯನ್ನು ಎರಡೂ ಕಾಲಿಗೆ ಹಾಕಿ. ಒಂದಕ್ಕೇ ಹಾಕಿದರೆ ನಡಿಗೆ ಸೊಟ್ಟಗಾಗಿ ಸೊಂಟ ನೋಯಬಹುದು.

ಕಾಲುಚೈನು ಜಾರಿ ಉಬ್ಬಿನ ಮೇಲೆ ಉಜ್ಜುತ್ತಿದ್ದರೆ, ನೋವು ಹೋಗುವ ತನಕ ತೆಗೆದಿಡಿ.

ಆಮೇಲೆ ಸೈಕಲ್ಲನ್ನು ನೋಡಿ

ಡೈರಿ ಅಕ್ಕನ ಸೈಕಲ್ಲಿನ ಸೀಟು ತುಂಬ ತಗ್ಗಿತ್ತು. ಕಲಿಯುವಾಗ ಬೀಳುವ ಭಯಕ್ಕೆ ತಗ್ಗಿಸಿದ್ದರು. ಆಮೇಲೆ ಏರಿಸಲೇ ಇಲ್ಲ. ನಮ್ಮಲ್ಲಿ ಬಹಳ ಹೆಂಗಸರು ಹೀಗೇ ಮಾಡುತ್ತಾರೆ.

ಸೀಟು ತೀರಾ ತಗ್ಗಿದ್ದರೆ ಮಂಡಿ ಎದೆಯ ಕಡೆಗೆ ಬರುತ್ತದೆ. ಪೆಡಲ್ ಒತ್ತುವಾಗ ಹಿಮ್ಮಡಿ ಕೆಳಗಿಳಿಯುತ್ತದೆ. ಹುರಿ ಬಿಗಿಯಾಗಿ ಉಬ್ಬಿಗೆ ಒತ್ತುತ್ತದೆ. ಒಂದು ತುಳಿತಕ್ಕೆ ಒಂದು ಒತ್ತು. ಮೂರು ಕಿಲೋಮೀಟರಿಗೆ ಎಷ್ಟು ಒತ್ತು ಆಯಿತು, ಯೋಚಿಸಿ.

ಸೀಟು ತೀರಾ ಎತ್ತರ ಇದ್ದರೂ ಕಷ್ಟ. ಪೆಡಲ್ ಎಟುಕುವುದಿಲ್ಲ. ಬೆರಳ ತುದಿ ಚಾಚಬೇಕು. ಮೀನಖಂಡ ಸೋಲುತ್ತದೆ. ಹಿಮ್ಮಡಿ ಮೇಲೆ ಕೆಳಗೆ ಆಡಿ ಶೂವಿಗೆ ಉಜ್ಜುತ್ತದೆ.

ಸೀಟಿನ ಎತ್ತರ ನೋಡುವುದು ಹೀಗೆ:

1. ಯಾರಾದರೂ ಸೈಕಲ್ ಗಟ್ಟಿಯಾಗಿ ಹಿಡಿದುಕೊಳ್ಳಲಿ. ನೀವು ಸೀಟಿನ ಮೇಲೆ ನೇರ ಕುಳಿತುಕೊಳ್ಳಿ.

2. ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತಿರುಗಿಸಿ. ಅದರ ಮೇಲೆ ಹಿಮ್ಮಡಿ ಇಡಿ.

3. ಕಾಲು ಹೆಚ್ಚು ಕಡಿಮೆ ನೆಟ್ಟಗಾಗಬೇಕು. ಮಂಡಿ ಬಹಳ ಮಡಚಿದ್ದರೆ ಸೀಟು ತಗ್ಗು. ಸೊಂಟ ಒಂದು ಕಡೆಗೆ ವಾಲಿದರೆ ಸೀಟು ಎತ್ತರ.

4. ಈಗ ಹಿಮ್ಮಡಿ ತೆಗೆದು ಪಾದದ ಮುಂಭಾಗ ಇಡಿ. ಮಂಡಿ ಸ್ವಲ್ಪವೇ ಮಡಚಿರಬೇಕು. ಅದೇ ಸರಿಯಾದ ಎತ್ತರ.

ಒಂದೇ ಸಲ ಏರಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಇಂಚು ಏರಿಸಿ. ಕಾಲು ನೆಲಕ್ಕೆ ಎಟುಕುವುದಿಲ್ಲ ಎಂಬ ಭಯ ಹೋಗಬೇಕು. ನಿಲ್ಲಿಸುವಾಗ ಸೈಕಲ್ಲನ್ನು ಸ್ವಲ್ಪ ವಾಲಿಸಿ, ನೋವಿಲ್ಲದ ಕಾಲನ್ನು ನೆಲಕ್ಕೆ ಕೊಡಿ. ಸೀಟಿನ ಕೊಳವೆಯ ಮೇಲೆ ಒಂದು ಗುರುತು ಇರುತ್ತದೆ. ಆ ಗುರುತು ಕಾಣುವಷ್ಟು ಮೇಲಕ್ಕೆ ಎಳೆಯಬಾರದು. ಸೀಟು ಕಿತ್ತು ಬರಬಹುದು. ಸೈಕಲ್ ಶಾಪಿನವರಿಗೆ ಹೇಳಿ ನಟ್ಟು ಬಿಗಿ ಮಾಡಿಸಿ.

ಇನ್ನೂ ಕೆಲವು ವಿಷಯ:

ಪಾದದ ಮುಂಭಾಗದ ಅಗಲ ಜಾಗದಿಂದ ಪೆಡಲ್ ತುಳಿಯಿರಿ. ನೋವಿದ್ದಾಗ ಪಾದವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿ, ನಡುಪಾದದ ಹತ್ತಿರ ತುಳಿಯಿರಿ. ಹುರಿಗೆ ಎಳೆತ ಕಡಿಮೆಯಾಗುತ್ತದೆ. ಬೆರಳ ತುದಿಯಿಂದ ತುಳಿಯಬೇಡಿ.

ಚಕ್ರಕ್ಕೆ ಗಾಳಿ ತುಂಬಿಸಿ. ಚೈನಿಗೆ ಎಣ್ಣೆ ಬಿಡಿ. ಗಾಳಿ ಇಲ್ಲದ ಸೈಕಲ್ಲನ್ನು ತುಳಿಯುವುದು ಎರಡು ಪಟ್ಟು ಕಷ್ಟ ಅನ್ನಿಸುತ್ತದೆ. ಆ ಕಷ್ಟವೆಲ್ಲ ಕಾಲಿಗೇ ಬರುತ್ತದೆ.

ದಿಣ್ಣೆ ಬಂದರೆ ಇಳಿದು ತಳ್ಳಿ. ಇದರಲ್ಲಿ ಅವಮಾನ ಇಲ್ಲ. ಎದ್ದು ನಿಂತು ಪೆಡಲ್ ಒತ್ತಬೇಡಿ.

ಬ್ರೇಕು ರಿಪೇರಿ ಮಾಡಿಸಿ. ಬ್ರೇಕ್ ಇಲ್ಲದೆ ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸಿದರೆ ಹಿಮ್ಮಡಿಗೆ ಏಟು ಬೀಳುತ್ತದೆ. ಸ್ಟ್ಯಾಂಡನ್ನು ನೋವಿರುವ ಹಿಮ್ಮಡಿಯಿಂದ ಒದೆಯಬೇಡಿ.

ಸೈಕಲ್ ಬಿಡಬೇಕೇ?

ಹಿಮ್ಮಡಿ ಕೆಂಪಗೆ ಊದಿಕೊಂಡಿದ್ದಾಗ ಕೆಲವು ದಿನ ಬಿಡಿ. ಕಾಲಿಗೆ ವಿಶ್ರಾಂತಿ ಬೇಕು. ಆಮೇಲೆ ಮೆಲ್ಲಗೆ ಶುರು ಮಾಡಿ. ಮೊದಲು ಹತ್ತು ನಿಮಿಷ. ನೋವು ಹೆಚ್ಚಾಗದಿದ್ದರೆ ಹದಿನೈದು ನಿಮಿಷ. ಮರುದಿನ ಬೆಳಿಗ್ಗೆ ಕಾಲನ್ನು ಕೇಳಿ. ಮೊದಲಿಗಿಂತ ನೋವು ಹೆಚ್ಚಿದೆಯೇ? ಹಾಗಿದ್ದರೆ ಅವತ್ತು ಕಡಿಮೆ ಮಾಡಿ. ಹೆಚ್ಚಿಲ್ಲವೇ? ಮುಂದುವರಿಸಿ.

ಭಾರ ಹೊತ್ತು ನಡೆದರೆ ಹೆಜ್ಜೆ ಹೆಜ್ಜೆಗೂ ಮೈ ಭಾರ, ಹೊರೆ ಭಾರ ಎರಡೂ ಪಾದಕ್ಕೆ ಬೀಳುತ್ತವೆ. ಸೈಕಲ್ಲಿನಲ್ಲಿ ಮೈ ಭಾರ ಬಹಳ ಮಟ್ಟಿಗೆ ಸೀಟಿನ ಮೇಲಿರುತ್ತದೆ. ಹೊರೆ ಕ್ಯಾರಿಯರಿನ ಮೇಲಿರುತ್ತದೆ. ಶೂ ಸರಿ ಇದ್ದು ಸೀಟು ಸರಿ ಇದ್ದರೆ, ಹೊರೆ ಹೊತ್ತು ನಡೆಯುವುದಕ್ಕಿಂತ ಸೈಕಲ್ಲೇ ಹಿಮ್ಮಡಿಗೆ ಹಗುರ.

ಮನೆಯಲ್ಲಿ ಮಾಡುವ ಆರೈಕೆ

ಊತ ಇದ್ದಾಗ ತಂಪು ಇಡಿ. ಯಾರ ಮನೆಯಲ್ಲಾದರೂ ಫ್ರಿಜ್ ಇದ್ದರೆ ಐಸು ತನ್ನಿ. ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ. ಬರಿ ಐಸನ್ನು ಚರ್ಮಕ್ಕೆ ಇಡಬೇಡಿ. ಐಸು ಇಲ್ಲದಿದ್ದರೆ ತಣ್ಣೀರಿನ ಒದ್ದೆ ಬಟ್ಟೆ ಸಾಕು.

ಗಟ್ಟಿಯಾಗಿ ಉಜ್ಜಿ ತಿಕ್ಕಬೇಡಿ. ಉಜ್ಜಿ ಉಜ್ಜಿಯೇ ಅಲ್ಲವೇ ನೋವು ಬಂದಿದ್ದು?

ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂರಬೇಡಿ. ಆಗ ಹುರಿ ಬಿಗಿಯಾಗಿ ಉಬ್ಬಿಗೆ ಒತ್ತುತ್ತದೆ. ಪಾತ್ರೆ ತೊಳೆಯುವಾಗ, ಸೊಪ್ಪು ಸೋಸುವಾಗ ಮಣೆಯನ್ನೋ ಚಿಕ್ಕ ಸ್ಟೂಲನ್ನೋ ಹಾಕಿಕೊಳ್ಳಿ. ಕಳೆ ಕೀಳುವಾಗ ನಡುನಡುವೆ ಎದ್ದು ನಿಲ್ಲಿ.

ನೋವಿನ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ದಿನಾ ನುಂಗಬೇಡಿ. ಹೊಟ್ಟೆಗೆ, ಮೂತ್ರಪಿಂಡಕ್ಕೆ ಕೆಟ್ಟದ್ದು. ಡಾಕ್ಟರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ.

ಊತ ಇಳಿದ ಮೇಲೆ ಒಂದು ವ್ಯಾಯಾಮ ಮಾಡಿ. ಸಮ ನೆಲದ ಮೇಲೆ ಗೋಡೆ ಹಿಡಿದು ನಿಲ್ಲಿ. ಎರಡೂ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ. ಮನಸ್ಸಿನಲ್ಲಿ ಮೂರು ಎಣಿಸಿ. ನಿಧಾನವಾಗಿ ಇಳಿಸಿ. ಮೊದಲು ಹತ್ತು ಸಲ ಮಾಡಿ. ಕ್ರಮೇಣ ಹದಿನೈದಕ್ಕೆ ಏರಿಸಿ. ಇದರಿಂದ ಹುರಿಗೆ ಬಲ ಬರುತ್ತದೆ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಜೋತು ಬಿಡಬೇಡಿ. ಈ ಉಬ್ಬು ಇರುವವರಿಗೆ ಅದು ಒಳ್ಳೆಯದಲ್ಲ.

ಒಂದು ವಾರದಲ್ಲಿ ಗುಣ ಕಾಣುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಬೇಕು. ಅಕ್ಷರ ಕಲಿತ ಹಾಗೆ. ದಿನಾ ಸ್ವಲ್ಪ ಸ್ವಲ್ಪ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಎರಡು ಮೂರು ವಾರ ಆರೈಕೆ ಮಾಡಿದರೂ ನೋವು ಇಳಿಯದಿದ್ದರೆ ಹೋಗಿ. ಬೆಳಿಗ್ಗೆ ಬಹಳ ಹೊತ್ತು ಕಾಲು ಬಿಗಿದು, ಬೇರೆ ಕೀಲುಗಳೂ ಊದಿಕೊಂಡರೆ ಹೋಗಿ. ಅದು ಬೇರೆ ಕಾಯಿಲೆ ಇರಬಹುದು. ಗಾಯದಲ್ಲಿ ಕೀವು ಬಂದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದು ಗಾಯವಾದರೆ ಅವತ್ತೇ ಹೋಗಿ.

ಹಿಮ್ಮಡಿಯ ಹಿಂದೆ ‘ಟಪ್’ ಎಂದು ಏನೋ ಹರಿದಂತಾಗಿ, ಪಾದ ಊರಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಹುರಿ ಹರಿದಿರಬಹುದು. ತಡ ಮಾಡಲೇಬಾರದು.

ಡಾಕ್ಟರು ಮುಟ್ಟಿ ನೋಡುತ್ತಾರೆ. ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆಯ ಉಬ್ಬು ಕಾಣುತ್ತದೆ. ವ್ಯಾಯಾಮ ಕಲಿಸುವ ಫಿಸಿಯೋಥೆರಪಿಯವರ ಹತ್ತಿರ ಕಳಿಸುತ್ತಾರೆ.

ಯಾರೋ ಊರಿಗೆ ಬಂದವರ ಕೈಯಲ್ಲಿ ಹಿಮ್ಮಡಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಸ್ಟಿರಾಯ್ಡ್ ಎಂಬ ಔಷಧಿ ಹುರಿಯೊಳಗೆ ಹೋದರೆ ಹುರಿ ಬಲ ಕಳೆದುಕೊಂಡು ಹರಿಯಬಹುದು. ನೋವು ಬೇಗ ಹೋಯಿತು ಎಂದು ಮೋಸ ಹೋಗಬಾರದು.

ಆಪರೇಷನ್ ಕೊನೆಯ ದಾರಿ. ಹಲವು ತಿಂಗಳು ಎಲ್ಲ ಆರೈಕೆ ಮಾಡಿಯೂ ಗುಣವಾಗದಿದ್ದರೆ ಮಾತ್ರ ಡಾಕ್ಟರು ಆ ಮಾತು ಎತ್ತುತ್ತಾರೆ. ಉಬ್ಬಿದ ಮೂಳೆಯನ್ನು ಕೆತ್ತಿ ತೆಗೆಯುತ್ತಾರೆ. ಆಮೇಲೆ ಕೆಲವು ವಾರ ಕಾಲು ಜೋಪಾನ ಮಾಡಬೇಕು. ಪೂರ್ತಿ ಸರಿಯಾಗಲು ತಿಂಗಳುಗಳೇ ಬೇಕು. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ.

ಉಬ್ಬು ಇದೆ, ನೋವು ಇಲ್ಲ

ಒಂದು ಮಾತು ಸ್ಪಷ್ಟವಾಗಿ ತಿಳಿಯಿರಿ. ಆರೈಕೆಯಿಂದ ಮೂಳೆ ಕರಗುವುದಿಲ್ಲ. ಮೂಳೆ ಕರಗಿಸುವ ಎಣ್ಣೆ, ಪುಡಿ ಯಾವುದೂ ಇಲ್ಲ. ಮಾರಲು ಬಂದರೆ ದುಡ್ಡು ಕೊಡಬೇಡಿ. ಆದರೆ ಉಬ್ಬು ಇದ್ದೂ ನೋವಿಲ್ಲದೆ ಬದುಕಬಹುದು. ಅತ್ತೆಯ ಕಾಲೇ ಅದಕ್ಕೆ ಸಾಕ್ಷಿ.

ಡೈರಿ ಅಕ್ಕ ಕಟ್ ಶೂ ಬಿಟ್ಟರು. ಮೆತ್ತನೆ ಪಟ್ಟಿಯ ಸ್ಯಾಂಡಲ್ ಕೊಂಡರು. ಹಿಮ್ಮಡಿ ಕೆಳಗೆ ರಬ್ಬರ್ ಮೆತ್ತೆ ಹಾಕಿಸಿದರು. ಸೀಟು ಎರಡು ಇಂಚು ಏರಿತು. ಎರಡು ವಾರ ಸೈಕಲ್ ಮುಟ್ಟಲಿಲ್ಲ. ಆ ಎರಡು ವಾರ ಹಾಲಿನ ಕ್ಯಾನನ್ನು ಪಕ್ಕದ ತೋಟದ ಹುಡುಗ ತಂದು ಹಾಕಿದ. ಆಮೇಲೆ ಅಕ್ಕ ಮೆಲ್ಲಗೆ ಶುರು ಮಾಡಿದರು. ಬೆಳಿಗ್ಗೆ ಒಲೆ ಮುಂದೆ ಹಾಲು ಕಾಯುವ ತನಕ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು.

ಮೂರು ತಿಂಗಳ ಮೇಲೆ ಕೇಂದ್ರಕ್ಕೆ ಬಂದು ಕಾಲು ತೋರಿಸಿದರು. ಉಬ್ಬು ಹಾಗೇ ಇತ್ತು. ಕೆಂಪು ಇರಲಿಲ್ಲ.

“ನೋವು?” ಅಂದೆ.

“ದಿಣ್ಣೇಲಿ ತುಳುದ್ರೆ ಒಂಚೂರು ಬತ್ತದೆ ಟೀಚರಮ್ಮ. ಇಳುದು ತಳ್ತೀನಿ” ಅಂದರು.

ಆಮೇಲೆ ಸೆರಗಿನ ಗಂಟು ಬಿಚ್ಚಿ ಡೈರಿಯ ಚೀಟಿ ತೆಗೆದರು. ಅವತ್ತಿನ ಹಾಲಿನ ಲೆಕ್ಕವನ್ನು ತಾವೇ ಓದಿದರು. ಎಷ್ಟು ಲೀಟರ್, ಎಷ್ಟು ರೂಪಾಯಿ, ಒಂದೂ ತಪ್ಪಿಲ್ಲ.

ಸೈಕಲ್ ಗುಜರಿಗೆ ಹೋಗಲಿಲ್ಲ. ಈಗ ಅತ್ತೆ ಸಂತೆಗೆ ಹೋಗುವ ದಿನ ಕ್ಯಾರಿಯರ್ ಮೇಲೆ ಕೂರುತ್ತಾರೆ. “ಮೆಲ್ಲಗೆ ಬುಡವ್ವ, ಬೀಳಿಸ್ಬುಟ್ಟೀಯ” ಅನ್ನುತ್ತಾರೆ. ದಿಣ್ಣೆ ಬಂದಾಗ ಇಬ್ಬರೂ ಇಳಿದು ನಡೆಯುತ್ತಾರೆ.

ನೆನಪಿಡೋಣ

* ಹಿಮ್ಮಡಿಯ ಉಬ್ಬು ಮೂಳೆಯದು. ಆಣಿ ಅಲ್ಲ. ಕೊಯ್ಯಬಾರದು, ಸುಡಬಾರದು.
* ಸೈಕಲ್ ತುಳಿದ ಮಾತ್ರಕ್ಕೆ ಉಬ್ಬು ಬೆಳೆಯುವುದಿಲ್ಲ.
* ಗಟ್ಟಿ ಶೂ ಉಜ್ಜಿದರೆ ನೋವು ಬರುತ್ತದೆ. ಮೊದಲು ಶೂ ಬದಲಿಸಿ.
* ಸೀಟು ತೀರಾ ತಗ್ಗೂ ಬೇಡ, ತೀರಾ ಎತ್ತರವೂ ಬೇಡ.
* ಊತ ಇದ್ದಾಗ ವಿಶ್ರಾಂತಿ, ತಂಪು. ಆಮೇಲೆ ವ್ಯಾಯಾಮ.
* ಹಿಮ್ಮಡಿಗೆ ಸಿಕ್ಕಸಿಕ್ಕವರ ಕೈಯಲ್ಲಿ ಇಂಜೆಕ್ಷನ್ ಬೇಡ.

ಮಾತಾಡೋಣ

1. ನಿಮ್ಮ ಕೇಂದ್ರದಲ್ಲಿ ಯಾರಿಗೆ ಹಿಮ್ಮಡಿಯ ಹಿಂದೆ ಉಬ್ಬು ಇದೆ? ಅವರಿಗೆ ನೋವಿದೆಯೇ? ಅವರು ಕಾಲಿಗೆ ಏನು ಹಾಕುತ್ತಾರೆ?
2. “ಹೆಂಗಸರು ಸೈಕಲ್ ತುಳಿಯಬಾರದು” ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ನೀವು ಏನು ಉತ್ತರ ಕೊಟ್ಟಿರಿ?
3. ನಿಮ್ಮ ಊರಿನಿಂದ ಆಸ್ಪತ್ರೆ, ಡೈರಿ, ಸಂತೆ ಎಷ್ಟು ದೂರ? ಸೈಕಲ್ ಇದ್ದರೆ ಎಷ್ಟು ಹೊತ್ತು ಉಳಿಯುತ್ತದೆ?

ಓದಿ, ಬರೆಯಿರಿ

ಹಿಮ್ಮಡಿ — ಉಬ್ಬು — ಮೂಳೆ — ಹುರಿ — ಪೆಡಲ್ — ಸೀಟು — ಚಪ್ಪಲಿ — ವ್ಯಾಯಾಮ